ಹುಣಸೂರು ಸೀಮೆಯ ಮಳೆ ಮತ್ತು ರಾಡಾರ್ ನಕ್ಷೆ

ಭರಣಿ, ಕೃತ್ತಿಕೆ ಮಳೆಯ ಹೊತ್ತಿಗೆ ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲಗಳಲ್ಲಿ ಉಕ್ಕೆ ಮುಗಿದಿರುತ್ತದೆ. ಟ್ರೇಗಳಲ್ಲಿ ಸಸಿ ಬಲಿತಿರುತ್ತದೆ, ಆಳುಗಳಿಗೆ ಹೇಳಿಯೂ ಆಗಿರುತ್ತದೆ. ಒಂದು ಹದಮಳೆ ಬಿದ್ದರೆ ನಾಟಿ, ಇಲ್ಲದಿದ್ದರೆ ಬುಡಬುಡಕ್ಕೆ ನೀರು ಹೊರಬೇಕು. ಹೀಗೆ ಕಾಯುವ ರೈತರ ಮೊಬೈಲಿನಲ್ಲಿ ಈಗ ರಾಡಾರ್ ನಕ್ಷೆ ಓಡುತ್ತದೆ. ಹಸಿರು, ಹಳದಿ, ಕೆಂಪು ಮಚ್ಚೆಗಳು ಪರದೆಯ ಮೇಲೆ ಸರಿಯುತ್ತವೆ, ಬೆರಳಿಟ್ಟು ಹಿಗ್ಗಿಸಿದರೆ ಗಾವಡಗೆರೆಯೋ ಬೆಟ್ಟದಪುರವೋ ಕಾಣುತ್ತದೆ. ಊರಿನ ವಾಟ್ಸಾಪ್ ಗುಂಪಿಗೆ ಅದರ ಚಿತ್ರವೂ ಬಂದು ಬೀಳುತ್ತದೆ. ಈ ನಕ್ಷೆಯನ್ನು ಎಷ್ಟು ನಂಬಬಹುದು ಎಂಬುದು ದುಡ್ಡು, ದುಡಿಮೆಯ ಪ್ರಶ್ನೆ.

ಮೊದಲು ಅದರ ಹೆಚ್ಚುಗಾರಿಕೆ ಹೇಳಬೇಕು. ಬೇಸಿಗೆಯ ಕೊನೆಯ ಗುಡುಗುಮಳೆಗೆ ಇದರಷ್ಟು ಒದಗುವ ಸಾಧನ ರೈತನ ಕೈಗೆ ಹಿಂದೆಂದೂ ಸಿಕ್ಕಿರಲಿಲ್ಲ. ಆ ಮಳೆ ತರುವ ಮೋಡ ಹತ್ತು ಕಿ.ಮೀ.ಗೂ ಎತ್ತರ ಬೆಳೆಯುತ್ತದೆ, ದೂರದ ರಾಡಾರಿಗೂ ಸಿಗುತ್ತದೆ. ಹನಗೋಡಿನ ಮೇಲೆ ಕೆಂಪು ಮಚ್ಚೆ ಎದ್ದು ಹುಣಸೂರಿನ ಕಡೆ ಸರಿಯುತ್ತಿದ್ದರೆ ಸಸಿ ಕೀಳುವುದನ್ನು ನಿಲ್ಲಿಸಬಹುದು, ಬಯಲಲ್ಲಿರುವ ದನ ಕುರಿ ಹೊಡೆದುಕೊಂಡು ಬರಬಹುದು. ಸಿಡಿಲಿಗೆ ಪುಣೆಯ ಐಐಟಿಎಂ ಸಂಸ್ಥೆಯ ‘ದಾಮಿನಿ’ ಆ್ಯಪ್ ಬೇರೆ ಇದೆ. ಎರಡನ್ನೂ ಜೊತೆಗಿಟ್ಟು ನೋಡಿದರೆ ಮರದಡಿ ನಿಂತು ಜೀವ ಕಳೆದುಕೊಳ್ಳುವುದು ಎಷ್ಟೋ ತಪ್ಪುತ್ತದೆ.

ತೊಡಕು ಶುರುವಾಗುವುದು ಮೃಗಶಿರಾ ದಾಟಿದ ಮೇಲೆ. ಮೈಸೂರು ಜಿಲ್ಲೆಯಲ್ಲಿ ಹವಾಮಾನ ಇಲಾಖೆಯ ರಾಡಾರ್ ಇಲ್ಲ. ಕೊಚ್ಚಿಯ ರಾಡಾರ್ ಹೆಗ್ಗಡದೇವನಕೋಟೆಗೆ ನೇರ ಗೆರೆಯಲ್ಲಿ ಸುಮಾರು 240 ಕಿ.ಮೀ. ದೂರ, ಚೆನ್ನೈನದು 400 ಕಿ.ಮೀ.ಗೂ ಆಚೆ. ರಾಡಾರಿನ ಕಿರಣ ನೇರ ಹೋಗುತ್ತದೆ, ಭೂಮಿ ಅದರ ಕೆಳಗೆ ಬಾಗುತ್ತ ಹೋಗುತ್ತದೆ. ಅರ್ಧ ಡಿಗ್ರಿ ಏರಿಸಿ ಬಿಟ್ಟ ಕಿರಣ 240 ಕಿ.ಮೀ. ದಾಟುವಷ್ಟರಲ್ಲಿ ಐದು ಕಿ.ಮೀ.ಗೂ ಹೆಚ್ಚು ಎತ್ತರ ಏರಿರುತ್ತದೆ. ಮುಂಗಾರಿನ ಸೋನೆ ಸುರಿಸುವ ಮೋಡಗಳು ಬಹುಮಟ್ಟಿಗೆ ಅದಕ್ಕಿಂತ ಕೆಳಗೇ ಇರುತ್ತವೆ. ಇನ್ನು ನಡುವೆ ನೀಲಗಿರಿ, ವಯನಾಡಿನ ಬೆಟ್ಟಸಾಲು. ಕರಾವಳಿಯಲ್ಲಿ ಎಲ್ಲಿ ರಾಡಾರ್ ಇಟ್ಟರೂ ಈ ಸೀಮೆಯನ್ನು ಅದು ಘಟ್ಟದ ತಲೆಯ ಮೇಲಿಂದಲೇ ನೋಡಬೇಕು. ಹಾಗಾಗಿ ಅಂತರಸಂತೆಯಲ್ಲಿ ಬೆಳಗಿನಿಂದ ಜಡಿ ಹಿಡಿದಿದ್ದರೂ ನಕ್ಷೆ ಖಾಲಿ ಇರಬಹುದು.

ಬಣ್ಣದ ಲೆಕ್ಕವನ್ನೂ ತಿಳಿದಿರಬೇಕು. ರಾಡಾರ್ ಅಳೆಯುವುದು ನೆಲಕ್ಕೆ ಬಿದ್ದ ನೀರನ್ನಲ್ಲ, ಹನಿಗಳಿಗೆ ತಾಗಿ ಮರಳಿದ ಅಲೆಯನ್ನು. ಆ ಮರುದನಿ ಹನಿಯ ಗಾತ್ರದ ಮೇಲೆ ವಿಪರೀತ ಏರುತ್ತದೆ: 2 ಮಿ.ಮೀ. ಅಗಲದ ಒಂದೇ ಹನಿ ಕೊಡುವಷ್ಟನ್ನು ಕೊಡಲು 1 ಮಿ.ಮೀ.ನ 64 ಹನಿ ಬೇಕು. ನೀರಿನ ಲೆಕ್ಕದಲ್ಲಿ ಆ 64 ಹನಿಗಳದ್ದು ದೊಡ್ಡ ಹನಿಯ ಎಂಟು ಪಟ್ಟು. ಸಣ್ಣ ಹನಿಯ ಸೋನೆ ಪರದೆಯ ಮೇಲೆ ತೆಳು ಹಸಿರಾಗಿಯೇ ಉಳಿಯುವುದು ಇದರಿಂದ. ರಾಗಿ, ಮುಸುಕಿನ ಜೋಳ, ಹತ್ತಿ ಬೇರೂರಿ ನಿಲ್ಲುವುದು ಆ ಸೋನೆಯಲ್ಲೇ. ಶುಂಠಿ ಮಡಿಯಲ್ಲಿ ನೀರು ನಿಂತು ಕೊಳೆರೋಗ ಹತ್ತುವುದೂ ಅದೇ ಜಡಿಯಲ್ಲೇ. ಇಲ್ಲಿನ ಬೇಸಾಯಕ್ಕೆ ಅತಿ ಮುಖ್ಯವಾದ ಮಳೆಯೇ ನಕ್ಷೆಯಲ್ಲಿ ಅತಿ ಮಸುಕು.

ನಕ್ಷೆ ಮಾಡುವವರ ಮೇಲೆ ನನ್ನ ದೊಡ್ಡ ಆಕ್ಷೇಪ ಒಂದೇ. ಮಳೆಯಿಲ್ಲದ ಜಾಗ, ರಾಡಾರಿಗೆ ಕಾಣದ ಜಾಗ ಎರಡನ್ನೂ ಒಂದೇ ಖಾಲಿ ಬಣ್ಣದಲ್ಲಿ ತೋರಿಸುತ್ತಾರೆ. ಕಾಣದ ಕಡೆ ಕೆಲವು ಆ್ಯಪ್‌ಗಳು ಉಪಗ್ರಹದ ಅಂದಾಜನ್ನು ತುಂಬುತ್ತವೆ. ಆ ಅಂದಾಜು ಮೋಡದ ನೆತ್ತಿಯ ತಂಪನ್ನು ನೋಡಿ ಕಟ್ಟಿದ್ದು, ಹನಿ ಬೀಳದ ಊರಿಗೂ ಮಳೆ ಬರೆಯಬಲ್ಲದು. ‘ಈಗ’ ಎಂಬ ಗೆರೆಯ ಆಚೆ ಓಡುವ ಚಿತ್ರಗಳಂತೂ ಬಹುಪಾಲು ಇದ್ದ ಮಚ್ಚೆಯನ್ನೇ ಅದೇ ದಿಕ್ಕಿಗೆ ತಳ್ಳಿ ಬಿಡಿಸಿದವು. ದಾರಿಯಲ್ಲಿ ಮೋಡ ಕರಗೀತು, ಹೊಸದು ಹುಟ್ಟೀತು. ಇದನ್ನು ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಹೇಳಬೇಕು.

ಹೊಳೆ ಪಾತ್ರದವರ ಪಾಡು ಬೇರೆ. ಕಬಿನಿ ತುಂಬುವುದು ವಯನಾಡಿನ ಮಳೆಗೆ, ಲಕ್ಷ್ಮಣತೀರ್ಥ ಕೆಂಪಾಗಿ ಹರಿಯುವುದು ಕೊಡಗಿನ ಮಳೆಗೆ, ಕೆ.ಆರ್. ನಗರದ ಗದ್ದೆಬಯಲಿಗೆ ಬರುವ ಕಾವೇರಿಯೂ ಕೊಡಗಿನದೇ. 2018 ಮತ್ತು 2019ರ ಆಗಸ್ಟ್‌ನಲ್ಲಿ ಕಬಿನಿ ದಡ ಮೀರಿದ್ದು ಮೇಲಿನ ಮಳೆಯಿಂದ. ಇಂಥಲ್ಲಿ ನಕ್ಷೆಯನ್ನು ನಮ್ಮೂರಿನ ಮೇಲಿಂದ ಸರಿಸಿ ಮಾನಂದವಾಡಿ, ವಿರಾಜಪೇಟೆಯ ಕಡೆ ನೋಡುವ ರೂಢಿ ಒಳ್ಳೆಯದು. ಆದರೆ ಅಲ್ಲಿಯೂ ಬೆಟ್ಟದ ಮರೆಯುಂಟು. ಅಣೆಕಟ್ಟೆಯ ಒಳಹರಿವು, ಹೊರಹರಿವಿನ ಅಂಕಿಯನ್ನು ಬಿಟ್ಟು ನಕ್ಷೆಯೊಂದನ್ನೇ ನಂಬಿ ಹೊಳೆಗಿಳಿಯಬಾರದು.

ಇದಕ್ಕೆಲ್ಲ ಮದ್ದು ನಮ್ಮ ರಾಜ್ಯದಲ್ಲೇ ಇದೆ. 1988ರಲ್ಲಿ ಬರ ಉಸ್ತುವಾರಿಗೆಂದು ಶುರುವಾಗಿ ಬೆಳೆದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ 6,000ಕ್ಕೂ ಹೆಚ್ಚು ಟೆಲಿಮೆಟ್ರಿಕ್ ಮಳೆಮಾಪಕ ನೆಟ್ಟಿದೆ. ಅವು 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುವಂಥವು, ಅಳೆಯುವುದು ನೆಲಕ್ಕೆ ಬಿದ್ದ ನೀರನ್ನೇ. ಕೇಂದ್ರದ ‘ವರುಣಮಿತ್ರ’ ಸಹಾಯವಾಣಿಗೆ ಫೋನು ಮಾಡಿ ಹೋಬಳಿಯ ಮಳೆ ಕೇಳಬಹುದು. ಗೊಬ್ಬರ ಎರಚುವ ಮುನ್ನ, ಔಷಧಿ ಹೊಡೆಯುವ ಮುನ್ನ ನಕ್ಷೆಯ ಜೊತೆಗೆ ಆ ಲೆಕ್ಕವನ್ನೂ ಕೇಳಿ. ಗುಡುಗುಮಳೆಯ ಮುಂದಿನ ಒಂದು ಗಂಟೆಗೆ ರಾಡಾರ್ ನಕ್ಷೆ ಸಾಕು, ಸೋನೆಗೆ ಸಾಲದು. ಕೇಂದ್ರದವರಲ್ಲಿ ಒಂದು ಬಿನ್ನಹ: ನಿಮ್ಮ ಮಾಪಕಗಳ ಅಂಕಿಯನ್ನು ರಾಡಾರ್ ಚಿತ್ರದ ಮೇಲೆಯೇ, ಊರಿನ ಹೆಸರಿನ ಪಕ್ಕದಲ್ಲಿ ಕೂರಿಸಿ ರೈತರ ಮೊಬೈಲಿಗೆ ಕೊಡಿ.