ಚೆನ್ನಬಸಪ್ಪ ನಾಯಕ ಮತ್ತು ವೀರಮ್ಮಾಜಿಯರ ಅಂತ್ಯ: ಒಂದು ವಿಮರ್ಶೆ

ಸುಮಾರು 1500ರಿಂದ 1763ರವರೆಗೆ ಮಲೆನಾಡು ಹಾಗೂ ಕರಾವಳಿಯ ಬಹುಭಾಗವನ್ನಾಳಿದ ಕೆಳದಿಯ ವೀರಶೈವ ಅರಸುಮನೆತನದ ಚರಿತ್ರೆ ಎರಡು ಮರಣಗಳ ನೆರಳಿನಲ್ಲಿ ಮುಗಿಯುತ್ತದೆ. ಮೊದಲನೆಯದು 1757ರಲ್ಲಿ ಗತಿಸಿದ ದತ್ತುಪುತ್ರ ಚೆನ್ನಬಸಪ್ಪ ನಾಯಕನದು. ಎರಡನೆಯದು ರಾಜ್ಯಭ್ರಷ್ಟಳಾಗಿ ಪುಣೆಯ ದಾರಿಯಲ್ಲಿ ಕಣ್ಮುಚ್ಚಿದ ರಾಣಿ ವೀರಮ್ಮಾಜಿಯದು. ಮೊದಲನೆಯ ಮರಣಕ್ಕೆ ರಾಣಿಯೇ ಕಾರಣಳೆಂಬ ಮಾತು ಪಠ್ಯಗಳಿಂದ ನಾಟಕಗಳಿಗೂ ಹರಿದುಬಂದಿದೆ. ಅದರ ಮೂಲವನ್ನು ಪರಿಶೀಲಿಸುವುದು ಅವಶ್ಯ.

ಈ ವೃತ್ತಾಂತವನ್ನು ಪ್ರಸಿದ್ಧಗೊಳಿಸಿದವನು ಕರ್ನಲ್ ವಿಲ್ಕ್ಸ್. ನಿಂಬಯ್ಯನೊಡನೆ ರಾಣಿಗಿದ್ದ ಸಂಬಂಧವನ್ನು ಬಾಲಕನು ಆಕ್ಷೇಪಿಸಿದನೆಂದೂ, ಆಕೆ ಜಟ್ಟಿಯೊಬ್ಬನಿಂದ ಅವನನ್ನು ಕೊಲ್ಲಿಸಿದಳೆಂದೂ ಅದರ ಸಾರ. ವಿಲ್ಕ್ಸನ ಗ್ರಂಥದ ಮೊದಲ ಸಂಪುಟ ಬೆಳಕು ಕಂಡದ್ದು 1810ರಲ್ಲಿ; ಘಟನೆ ನಡೆದು ಅರ್ಧ ಶತಮಾನ ಕಳೆದ ಮೇಲೆ. ಆತನಿಗೆ ದೊರೆತದ್ದು ಗೆದ್ದವರ ನಾಡಿನಲ್ಲಿ ಉಳಿದಿದ್ದ ನೆನಪು. ಇಷ್ಟರಿಂದಲೇ ಅದು ಸುಳ್ಳಾಗದು. ಆದರೆ ಪ್ರತ್ಯಕ್ಷ ಸಾಕ್ಷ್ಯದ ಪದವಿಯೂ ಅದಕ್ಕೆ ಸಲ್ಲದು.

ಇಲ್ಲಿಯೇ ಗಮನಾರ್ಹವಾದ ತೊಡಕೊಂದಿದೆ. ತಾನೇ ಚೆನ್ನಬಸಪ್ಪನೆಂದೂ, ಜಟ್ಟಿಯ ಕರುಣೆಯಿಂದ ಬದುಕುಳಿದೆನೆಂದೂ ಹೇಳಿಕೊಂಡ ತರುಣನೊಬ್ಬನು ಚಿತ್ರದುರ್ಗದ ನಾಯಕನ ಮೂಲಕ ಹೈದರನ ಬಳಿಗೆ ಬಂದನು. ಅವನ ಹಕ್ಕನ್ನು ಎತ್ತಿಹಿಡಿಯುವ ನೆಪದಲ್ಲಿಯೇ ಹೈದರನು 1763ರಲ್ಲಿ ಬಿದನೂರಿನ ಮೇಲೆ ಏರಿಹೋದನು. ಹೀಗೆ ದಂಡಯಾತ್ರೆಗೆ ಧರ್ಮದ ಮುಖವಾಡ ತೊಡಿಸಲು ರಾಣಿಯ ಅಪರಾಧವು ಅನಿವಾರ್ಯವಾಗಿತ್ತು. ನಗರ ಕೈವಶವಾದ ಮೇಲೆ ಆದದ್ದೇನು? ಆ 'ಅರಸ'ನಿಗೆ ಪಟ್ಟವಾಗಲಿಲ್ಲ, ಬಿದನೂರು ಹೈದರನಗರವಾಯಿತು. ರಾಣಿ, ಆಕೆಯ ಎರಡನೆಯ ದತ್ತುಪುತ್ರ ಸೋಮಶೇಖರ ಮತ್ತು ಆ ತರುಣ, ಮೂವರೂ ಒಂದೇ ಮಧುಗಿರಿಯ ಸೆರೆಗೆ ಹೋದರು. ಜನರು ಅವನನ್ನು 'ಗೈಬು ರಾಜ'ನೆಂದು ಹಾಸ್ಯ ಮಾಡಿದರು.

ಆ ತರುಣನು ಕಪಟಿಯಾಗಿದ್ದರೆ, ಜಟ್ಟಿಯ ಕಥೆಗೆ ಇದ್ದ ಮುಖ್ಯ ಸಾಕ್ಷಿಯೇ ಬಿದ್ದುಹೋಗುತ್ತದೆ. ಅವನು ನಿಜವಾದ ಚೆನ್ನಬಸಪ್ಪನೇ ಆಗಿದ್ದರೆ, ಕೊಲೆ ನಡೆದೇ ಇಲ್ಲ. ಎರಡನ್ನೂ ಒಟ್ಟಿಗೆ ನಂಬಿ ರಾಣಿಯನ್ನು ನಿಂದಿಸುವುದು ತರ್ಕಸಮ್ಮತವಲ್ಲ. ಹಾಗೆಂದು ಆಕೆಯನ್ನು ನಿರ್ದೋಷಿಯೆಂದು ಸಾರುವ ಅಭಿಮಾನವೂ ಗ್ರಾಹ್ಯವಲ್ಲ. ಬಾಲಕನ ಮರಣದಿಂದ ಆಡಳಿತ ಆಕೆಯ ಕೈಯಲ್ಲಿಯೇ ಉಳಿಯಿತೆಂಬುದು ಸತ್ಯ. ಕೂಡಲೇ ಮತ್ತೊಬ್ಬನನ್ನು ದತ್ತು ಪಡೆದದ್ದನ್ನು ಅಪರಾಧದ ಕುರುಹೆಂದು ಎಷ್ಟು ಸುಲಭವಾಗಿ ಓದಬಹುದೋ, ಸಿಂಹಾಸನ ಬರಿದಾಗದಿರಲೆಂಬ ರಾಜಧರ್ಮವೆಂದೂ ಅಷ್ಟೇ ಸುಲಭವಾಗಿ ಓದಬಹುದು. ಲಿಂಗಣ್ಣ ಕವಿಯ 'ಕೆಳದಿನೃಪವಿಜಯ'ವನ್ನು ಕೂಡ ಅರಸುಮನೆತನದ ಅಭಿಮಾನದ ಕೃತಿಯೆಂಬ ಎಚ್ಚರದಿಂದಲೇ ಬಳಸಬೇಕು.

ರಾಣಿಯ ಮರಣದ ವಿಷಯದಲ್ಲಿ ಊಹೆಗೆ ಎಡೆ ಕಡಿಮೆ. 1767ರಲ್ಲಿ ಪೇಶ್ವೆ ಮಾಧವರಾಯನ ಸೇನೆ ಮಧುಗಿರಿಯನ್ನು ಹಿಡಿದು ಸೆರೆಯಾಳುಗಳನ್ನು ಬಿಡಿಸಿತು. ಹೈದರನ ಹಿಡಿತ ಆಗಲೇ ತಪ್ಪಿತ್ತು. ಮರಾಠರಿಗಾದರೋ ಬಿದನೂರಿನ ಹಕ್ಕುದಾರಳು ಬದುಕಿರುವುದೇ ಲಾಭ. ನಾಲ್ಕು ವರ್ಷದ ಗಿರಿದುರ್ಗದ ಸೆರೆ, ಬಳಿಕ ದೀರ್ಘ ಪ್ರಯಾಣ: ಇಷ್ಟಿರಲು ಬೇರೊಂದು ಕೈವಾಡವನ್ನು ಕಲ್ಪಿಸುವವರೇ ಆಧಾರ ಒದಗಿಸಬೇಕು.

ಅದೇ ಕಾಲದಲ್ಲಿ ಸೋದೆಯ ಅರಸನೂ ನೆಲೆ ತಪ್ಪಿ ಗೋವೆಯಲ್ಲಿ ಪೋರ್ಚುಗೀಸರ ಆಶ್ರಯ ಪಡೆದನು. ಸೋತ ಮನೆತನಗಳು ರಾಜ್ಯದೊಡನೆ ತಮ್ಮ ಕಥೆಯನ್ನು ತಾವೇ ಹೇಳುವ ಅಧಿಕಾರವನ್ನೂ ಕಳೆದುಕೊಳ್ಳುತ್ತವೆ. ವೀರಮ್ಮಾಜಿಯ ಮೇಲಿನ ಆರೋಪವನ್ನು ಇನ್ನಾದರೂ ತೀರ್ಪೆಂದು ಬರೆಯದೆ ಆರೋಪವೆಂದೇ ಬರೆಯುವುದು ಚರಿತ್ರಕಾರನ ಕನಿಷ್ಠ ಕರ್ತವ್ಯವಾಗಿದೆ.