ಫಟಫಟಿಯ ಜಾತಕ

ಮೂಡಲಗಿಯಿಂದ ಎರಡು ಹರದಾರಿ ದೂರದ ತೋಟದ ಮನೆಯೊಂದರಲ್ಲಿ, ದನದ ಕೊಟ್ಟಿಗೆಗೂ ಕಣಿಕಿಯ ಬಣವೆಗೂ ನಡುವಣ ಇಕ್ಕಟ್ಟಿನ ಸ್ಥಳದಲ್ಲಿ ತಾಡಪತ್ರಿಯನ್ನು ಹೊದೆದು ನಿಂತಿರುವ ಮೋಟಾರ್ ಸೈಕಲ್ಲನ್ನು ಪರೀಕ್ಷಿಸಿ, ಅದು ಹುಟ್ಟಿದ ವರ್ಷವನ್ನು ನಿರ್ಣಯಿಸಿ ಹೇಳಬೇಕೆಂದು ಗೋಕಾಕದ ಮಿತ್ರರೊಬ್ಬರು ಕೋರಿದಾಗ, ಜಾತಕ ನೋಡುವ ಜೋಯಿಸರಿಗೆ ಕರೆ ಬಂದಷ್ಟೇ ಗಾಂಭೀರ್ಯದಿಂದ ನಾನು ಹೊರಟೆನೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಈ ಅಂಕಣದ ವಾಚಕರಿಗೆ ನನ್ನ ವ್ಯಸನವು ಅಪರಿಚಿತವಲ್ಲ. ಮೈಸೂರಿನಲ್ಲಿ ತಯಾರಾದ ಜಾವಾ ಮತ್ತು ಯೆಜ್ಡಿಗಳು ಯಾವ ಕಾಲದಲ್ಲಿ ಯಾವ ವೇಷವನ್ನು ತೊಟ್ಟು ಕಾರ್ಖಾನೆಯ ಬಾಗಿಲನ್ನು ದಾಟಿದುವೆಂಬ ವಿಚಾರವು, ಉಳಿದವರಿಗೆ ಎಷ್ಟೇ ನಿರರ್ಥಕವಾಗಿ ತೋರಲಿ, ನನ್ನ ಭಾನುವಾರಗಳನ್ನೆಲ್ಲ ನುಂಗಿದೆ.

ಯಜಮಾನರು ಎಪ್ಪತ್ತು ದಾಟಿದವರು. ತಾಡಪತ್ರಿಯನ್ನು ಸರಿಸುತ್ತ, “ನಮ್ಮಪ್ಪ ತಂದದ್ರಿ ಇದು. ಅಸಲ್ ಜಾವಾ,” ಎಂದರು. ಪೆಟ್ರೋಲ್ ಟಾಕಿಯ ಎರಡು ಪಕ್ಕಗಳಲ್ಲಿ ಕಲಾಯಿ ಮಂಕಾದ ಕ್ರೋಮಿಯಮ್ ಹೊಳಪು, ಮೊಳಕಾಲು ಒತ್ತುವಲ್ಲಿ ರಬ್ಬರಿನ ಪಟ್ಟಿ, ಮುಂದಿನ ದೀಪದ ಹೊದಿಕೆಯೊಳಗೇ ಅಡಗಿ ಕುಳಿತ ವೇಗಮಾಪಕ: ಇಷ್ಟರ ಮಟ್ಟಿಗೆ ಅವರ ಮಾತು ಸತ್ಯವೇ. ಆದರೆ ದೃಷ್ಟಿಯು ಕೆಳಗಿಳಿದಂತೆಲ್ಲ ಸಂದೇಹವು ಬೆಳೆಯಿತು. ಜಾವಾದ ಗಾಲಿಗಳು 16 ಅಂಗುಲದವು. ಇಲ್ಲಿ ನಿಂತದ್ದು 18 ಅಂಗುಲದವು. ಇಂಜಿನ್ನಿನ ಮುಚ್ಚಳದ ಮೇಲೆ ಯೆಜ್ಡಿ ಎಂಬ ಅಕ್ಷರ. ಎರಡು ಸೈಲೆನ್ಸರ್‌ಗಳಂತೂ ಒಂದರ ಮುಖವನ್ನೊಂದು ಎಂದೂ ಕಂಡಿರಲಿಲ್ಲವೆಂಬಷ್ಟು ಬೇರೆ ಬೇರೆ.

ಇಲ್ಲಿ ಸ್ವಲ್ಪ ವಂಶಾವಳಿಯನ್ನು ಹೇಳಲೇಬೇಕು. ರುಸ್ತುಂ ಇರಾನಿ ಮತ್ತು ಫರೋಖ್ ಇರಾನಿಯವರು 1960ರಲ್ಲಿ ಐಡಿಯಲ್ ಜಾವಾ ಸಂಸ್ಥೆಯನ್ನು ಸ್ಥಾಪಿಸಿದರು. ಮೈಸೂರಿನ ಯಾದವಗಿರಿಯ ಅದರ ಕಾರ್ಖಾನೆಯನ್ನು 1961ರಲ್ಲಿ, ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರವರು ಉದ್ಘಾಟಿಸಿದರು. ಅಲ್ಲಿ ತಯಾರಾದದ್ದು ಜೆಕೊಸ್ಲೊವಾಕಿಯಾದಲ್ಲಿ 1954ರಲ್ಲಿ ಹೊರಬಂದಿದ್ದ 353 ಎಂಬ ಮಾದರಿ. ಇದನ್ನು ನಮ್ಮ ಅಭಿಮಾನಿಗಳು ಎ ಮತ್ತು ಬಿ ಎಂದು ಎರಡು ಪಂಕ್ತಿಗಳಲ್ಲಿ ಕೂರಿಸಿ, ಊಟಕ್ಕೆ ಬಡಿಸುವಾಗಿನ ಮಡಿವಂತಿಕೆಯನ್ನೇ ಇಲ್ಲಿಯೂ ಪಾಲಿಸುತ್ತಾರೆ. ಎಪ್ಪತ್ತರ ದಶಕದ ಆದಿಭಾಗದಲ್ಲಿ ಜಾವಾ ಎಂಬ ನಾಮಧೇಯವು ತೊಲಗಿ, ಇರಾನಿನ ಯಜ್ದ್ ಪಟ್ಟಣವನ್ನು ನೆನಪಿಸುವ ಯೆಜ್ಡಿ ಎಂಬ ನಾಮಧೇಯವು ಬಂದಿತು. ಜೆಕ್ ಭಾಷೆಯಲ್ಲಿ ಇದೇ ಧ್ವನಿಯ ಶಬ್ದಕ್ಕೆ ‘ಓಡುತ್ತದೆ’ ಎಂಬ ಅರ್ಥವಿರುವುದು ಕೇವಲ ದೈವಯೋಗವೋ ಏನೋ. ಹೆಸರು ಬದಲಾದ ಮೊದಲ ದಿನಗಳ ಯೆಜ್ಡಿಯನ್ನು ಹಿಂದಿನ ಜಾವಾದ ಪಕ್ಕದಲ್ಲಿ ನಿಲ್ಲಿಸಿ, ಟಾಕಿಯ ಮೇಲಿನ ಲಾಂಛನವನ್ನು ಕೈಯಿಂದ ಮುಚ್ಚಿದರೆ, ನುರಿತ ಕಣ್ಣೂ ಕ್ಷಣಕಾಲ ತಡವರಿಸುವುದು.

ಆ ಯಂತ್ರದ ಚಮತ್ಕಾರವೆಲ್ಲ ಎಡಗಾಲಿನ ಹತ್ತಿರವಿದೆ. ಗೇರು ಹಾಕುವ ಸನ್ನೆಯೂ ಕಿಕ್ ಹೊಡೆಯುವ ಸನ್ನೆಯೂ ಒಂದೇ ಲೋಹದ ತುಂಡು. ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಅದೇ ಮೇಲೆದ್ದು ಕಿಕ್ ಆಗುತ್ತದೆ, ಇಂಜಿನ್ ಎಚ್ಚತ್ತೊಡನೆ ಮಡಚಿ ಪುನಃ ಗೇರಾಗುತ್ತದೆ. ಅಷ್ಟೇ ಅಲ್ಲ, ಕಾಲಿನಿಂದ ಗೇರನ್ನು ಒತ್ತಿದ ಒತ್ತಡವೇ ಒಳಗೆ ಕ್ಲಚ್ಚನ್ನು ಬಿಡಿಸುವುದರಿಂದ, ಓಡುತ್ತಿರುವಾಗ ಗೇರು ಬದಲಿಸಲು ಕೈಗೆ ಕೆಲಸವೇ ಇಲ್ಲ. ಈ ಗುಟ್ಟನ್ನರಿಯದೆ ಮೂವತ್ತು ವರ್ಷ ಕ್ಲಚ್ ಹಿಡಿದೇ ಓಡಿಸಿದ ಮಹನೀಯರನ್ನು ನಾನು ಬಲ್ಲೆ. ಇನ್ನು ಸರಪಳಿಯು ಪೂರ್ತಿಯಾಗಿ ಪೆಟ್ಟಿಗೆಯೊಳಗೆ ಮುಚ್ಚಿಕೊಂಡಿರುವುದರ ಬೆಲೆಯನ್ನು ತಿಳಿಯಬೇಕಾದರೆ, ಮಳೆಗಾಲದಲ್ಲಿ ಘಟಪ್ರಭೆಯ ಕಾಲುವೆಯ ಕೆಳಗಿನ ಎರೆಭೂಮಿಯಲ್ಲಿ ಅರ್ಧ ಹರದಾರಿ ಓಡಿಸಿ ನೋಡಬೇಕು.

ತರುವಾಯ ಬಂದದ್ದು ಆಯಿಲ್ ಕಿಂಗ್. ಎರಡು ಸ್ಟ್ರೋಕಿನ ಇಂಜಿನ್ನಿಗೆ ಪೆಟ್ರೋಲಿನಲ್ಲಿಯೇ ಎಣ್ಣೆಯನ್ನು ಬೆರೆಸುವ ತಾಪತ್ರಯವನ್ನು ನೀಗಿಸಲು ಅದಕ್ಕೆ ಪ್ರತ್ಯೇಕವಾದ ಪಂಪನ್ನು ಜೋಡಿಸಿದರು. ಕಲ್ಪನೆಯೇನೋ ಶ್ಲಾಘ್ಯವಾದುದೇ, ಆದರೆ ಕಣ್ಣಿಗೆ ಕಾಣದ ಪಂಪಿನ ಮೇಲೆ ನಮ್ಮ ಕಡೆಯ ಮಿಸ್ತ್ರಿಗಳಿಗೆ ನಂಬಿಕೆ ಹುಟ್ಟಲಿಲ್ಲ. ನಾನು ಕಂಡ ಆಯಿಲ್ ಕಿಂಗ್‌ಗಳಲ್ಲೆಲ್ಲ ಪಂಪನ್ನು ಕಳಚಿ ತೂತನ್ನು ಮುಚ್ಚಿದ್ದಾರೆ, ಲೀಟರಿಗೆ 40 ಮಿಲಿಲೀಟರಿನಂತೆ ಎಣ್ಣೆಯನ್ನು ಕೈಯಿಂದಲೇ ಸುರಿಯುತ್ತಿದ್ದಾರೆ.

1978ರಲ್ಲಿ ರೋಡ್‌ಕಿಂಗ್ ಬಂದಿತು. ಜೆಕ್ ದೇಶದ ಸಿ.ಝಡ್. ಕಂಪನಿಯ ಪಂದ್ಯದ ಗಾಡಿಗಳ ಸಂಪ್ರದಾಯದಿಂದ ಇಳಿದುಬಂದ ಇದರ ಶಕ್ತಿ 16 ಅಶ್ವಬಲ, ಹಳೆಯ ಜಾವಾದ್ದು ಸುಮಾರು 12. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯವು ಮುಗಿದದ್ದು 1977ರಲ್ಲಿ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡುವ ಅಭ್ಯಾಸ ನನಗಿದೆ. ಕಾಲುವೆಯ ನೀರು, ಕಬ್ಬಿನ ಬಿಲ್ಲು ಮತ್ತು ರೋಡ್‌ಕಿಂಗ್ ಈ ಮೂರೂ ಬಹುಮಟ್ಟಿಗೆ ಒಂದೇ ಕಾಲದಲ್ಲಿ ನಮ್ಮ ಹಳ್ಳಿಗಳನ್ನು ಪ್ರವೇಶಿಸಿದುವೆಂದು ನನ್ನ ಊಹೆ. ಉಳಿದ ಮಾದರಿಗಳಾದ ಕ್ಲಾಸಿಕ್, ಡೀಲಕ್ಸ್, ಮೊನಾರ್ಕ್ ಮುಂತಾದುವನ್ನು ಇಂದು ಮುಟ್ಟುವುದಿಲ್ಲ. ನೂರು ಸಿಸಿಯ ಜಪಾನೀ ತಂತ್ರದ ಗಾಡಿಗಳ ಪೈಪೋಟಿಯೂ ಹೊಗೆಯ ಮೇಲಿನ ಕಟ್ಟಳೆಗಳೂ ಕೂಡಿಕೊಂಡು 1996ರಲ್ಲಿ ಕಾರ್ಖಾನೆಯು ಮುಚ್ಚಿತು.

ಮೂಡಲಗಿಯ ಸಮಸ್ಯೆಯನ್ನು ಹೊತ್ತು ನಾನು ಮರುದಿನ ಹುಕ್ಕೇರಿಗೆ ಹೋದೆ. ಅಲ್ಲಿಯ ಗುಮ್ಮಟಗಳನ್ನು ನೋಡುವ ನೆಪವೂ ಇತ್ತು. ನಿಜವಾದ ಕಾರಣವು ಹಳೆಯ ಮಿಸ್ತ್ರಿಯೊಬ್ಬರ ಗ್ಯಾರೇಜು. ಎಣ್ಣೆಡಬ್ಬಿಗಳಲ್ಲಿ ತುಂಬಿಟ್ಟ ಬಿಡಿಭಾಗಗಳ ನಡುವೆ ಕುಳಿತು ಅವರು ನನ್ನ ವರದಿಯನ್ನು ಸಾವಧಾನವಾಗಿ ಕೇಳಿ, “ಸರ, ಮೈಸೂರಿನವ್ರು ಬಟ್ಟಿ ಬದ್ಲಿ ಮಾಡ್ಯಾರ, ಎಲುಬು ಬದ್ಲಿ ಮಾಡಿಲ್ರಿ. ಅದಕ್ಕ ನಮ್ಮ ಹೊಟ್ಟಿ ನಡದೈತಿ,” ಎಂದರು. ಅವರ ಮಾತಿನಲ್ಲಿ ಅತಿಶಯೋಕ್ತಿ ಅಲ್ಪವೇ. ಮೊದಲ ಜಾವಾದ ಸಿಲಿಂಡರಿನ ವ್ಯಾಸ 65 ಮಿಲಿಮೀಟರ್, ಪಿಸ್ಟನ್ನಿನ ಓಟ 75; ರೋಡ್‌ಕಿಂಗ್‌ನದೂ ಅಷ್ಟೇ. ಎಲುಬು ಒಂದೇ ಅಳತೆಯದಾಗಿದ್ದುದರಿಂದಲೇ, ಒಂದು ಗಾಡಿಯ ಅಂಗವನ್ನು ಇನ್ನೊಂದಕ್ಕೆ ಕೂರಿಸುವ ಧೈರ್ಯವು ನಮ್ಮ ಮಿಸ್ತ್ರಿಗಳಿಗೆ ಬಂದಿತು.

ಬೆಂಗಳೂರಿನ ನನ್ನ ಸಹವ್ಯಸನಿಗಳಿಗೆ ಈ ಬೆರಕೆಯೆಂದರೆ ಮೈಲಿಗೆ. ಅವರ ಕೈಗೆ ಮೂಡಲಗಿಯ ಗಾಡಿ ಸಿಕ್ಕರೆ, ಆ ಗಾಲಿಗಳನ್ನು ಎಸೆದು, ಹೊಸದಾಗಿ ಮಾಡಿದ ‘ಹಳೆಯ’ ಭಾಗಗಳನ್ನು ತರಿಸಿ, ಬಣ್ಣ ಬಳಿದು, ಚಿನ್ನದ ಗೆರೆಯನ್ನೆಳೆದು, ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನದ ಮೆರವಣಿಗೆಯಲ್ಲಿ ನಿಲ್ಲಿಸುವರು. ನನಗೆ ಅದು ಒಪ್ಪಿಗೆಯಿಲ್ಲ. ಕಾರ್ಖಾನೆಯಿಂದ ಹೊರಬಿದ್ದ ಮೊದಲ ದಿನವೊಂದೇ ಗಾಡಿಯ ನಿಜವಾದ ದಿನವೆಂದು ತಿಳಿಯುವುದಾದರೆ, ಅದು ಅನಂತರ ಗೊಬ್ಬರದ ಚೀಲ, ಹಾಲಿನ ಕ್ಯಾನು, ಬಾಣಂತಿ, ಪಂಪಿನ ಮೋಟಾರು ಇವೆಲ್ಲವನ್ನೂ ಹೊತ್ತ ದಿನಗಳು ಯಾರ ಲೆಕ್ಕಕ್ಕೆ? ಇಷ್ಟು ಬರೆದ ಮೇಲೂ ಆ ಜೋಡಿಯಲ್ಲದ ಸೈಲೆನ್ಸರ್ ನನ್ನ ನಿದ್ರೆಯನ್ನು ಕೆಡಿಸಿತೆಂಬುದನ್ನು ಮುಚ್ಚಿಡಲಾರೆ. ಹುಕ್ಕೇರಿಯಿಂದ ಬರುವಾಗ ಅದಕ್ಕೊಂದು ಜೊತೆಯನ್ನು ಕೊಂಡೇ ತಂದೆ.

ಅದನ್ನು ಕೊಡಲು ಪುನಃ ಮೂಡಲಗಿಗೆ ಹೋದಾಗ ಯಜಮಾನರು ಪೆಟ್ಟಿಗೆಯಿಂದ ಆರ್‌ಸಿ ಪುಸ್ತಕವನ್ನು ತೆಗೆದು ತಂದಿದ್ದರು. ವರ್ಷವನ್ನು ಬರೆದ ಸ್ಥಳದಲ್ಲಿ ಒಂದು, ಒಂಬತ್ತು, ಆರು ಎಂಬ ಮೂರು ಅಂಕಿಗಳು ಸ್ಪಷ್ಟವಾಗಿದ್ದುವು. ನಾಲ್ಕನೆಯದನ್ನು ಗೆದ್ದಲು ತಿಂದಿತ್ತು. ಅರವತ್ತೊಂದೋ, ಅರವತ್ತೊಂಬತ್ತೋ ಎಂದು ನಾನು ಭೂತಗನ್ನಡಿಯನ್ನು ಹಿಡಿದು ಅರ್ಧ ಗಂಟೆ ಕುಳಿತುದನ್ನು ನೋಡಿ ಅವರಿಗೆ ಕನಿಕರ ಬಂದಿರಬೇಕು.

“ಸಾಲ್ಯಾಗ ಮಾಸ್ತರರು ನಮಗೆಲ್ಲಾ ಜೂನ್ ಒಂದು ಅಂತ ಬರದಿದ್ರು ನೋಡ್ರಿ,” ಎಂದರು. “ಹಂಗ ಇದಕ್ಕೂ ನೀವ ಒಂದು ಬರದುಬಿಡ್ರಿ.”