ಚೆಂಡಾಗುವ ಪ್ರಾಣಿ ಮತ್ತು ವಿಶ್ವಕಪ್

ವಿಶ್ವಕಪ್ ಫುಟ್‌ಬಾಲ್‌ನ ಮ್ಯಾಸ್ಕಾಟ್‌ಗಳನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು ಅರ್ಧ ಪಾಲು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುತ್ತವೆ. ಯಾವುದೋ ಪ್ರಾಣಿ, ಅದಕ್ಕೊಂದು ಜೆರ್ಸಿ, ಬಾಯಿ ತುಂಬ ನಗು. ಈ ಹಾದಿ ಹಾಕಿಕೊಟ್ಟವನು 1966ರ ಇಂಗ್ಲೆಂಡಿನ ಸಿಂಹ ವಿಲ್ಲಿ. ಎನಿಡ್ ಬ್ಲೈಟನ್ ಪುಸ್ತಕಗಳಿಗೆ ಚಿತ್ರ ಬರೆಯುತ್ತಿದ್ದ ರೆಗ್ ಹೊಯ್ ಅವನನ್ನು ಬಿಡಿಸಿದ್ದು. ಮೊದಲಿಗನೆಂಬ ಮರ್ಯಾದೆ ಅವನಿಗಿರಲಿ. ಜರ್ಮನಿಯವರು 2006ರಲ್ಲಿ ತಮ್ಮ ಸಿಂಹ ಗೋಲಿಯೋಗೆ ಅಂಗಿ ತೊಡಿಸಿ, ಚಡ್ಡಿಯಿಲ್ಲದೆ ಮೈದಾನಕ್ಕೆ ಕಳಿಸಿದರು. ಅವನ ಗೊಂಬೆ ತಯಾರಿಸುತ್ತಿದ್ದ ಕಂಪನಿ ಪಂದ್ಯಗಳು ಶುರುವಾಗುವ ಮೊದಲೇ ದಿವಾಳಿ ಅರ್ಜಿ ಹಾಕಿತು.

ಬರೀ ಚಿತ್ರ ನೋಡಿ ಅಂಕ ಕೊಡುವುದಾದರೆ ನನ್ನ ಮತ 1990ರ ಇಟಲಿಯ ‘ಚಾವ್’ಗೆ. ಕಣ್ಣಿಲ್ಲ, ಮೂಗಿಲ್ಲ, ನಗು ಅಂತೂ ಇಲ್ಲವೇ ಇಲ್ಲ. ಕೆಂಪು, ಬಿಳಿ, ಹಸಿರು ತುಂಡುಗಳನ್ನು ಜೋಡಿಸಿದ ಕಡ್ಡಿ ಮನುಷ್ಯ. ತಲೆಯ ಜಾಗದಲ್ಲಿ ಚೆಂಡು. ಆ ತುಂಡುಗಳನ್ನು ಬಿಚ್ಚಿ ಬೇರೆ ಥರ ಜೋಡಿಸಿದರೆ ‘ಇಟಾಲಿಯಾ’ ಎಂಬ ಹೆಸರೇ ಮೂಡುತ್ತದೆ. ಮಕ್ಕಳು ತಬ್ಬಿ ಮಲಗುವ ಗೊಂಬೆಯಲ್ಲ, ನಿಜ.

ಪ್ರಾಣಿಯ ಆಯ್ಕೆಯಲ್ಲಿ ಮಾತ್ರ 2014ರ ಬ್ರೆಜಿಲನ್ನು ಮೀರಿಸಿದವರಿಲ್ಲ. ಅವರ ಫುಲೆಕೊ ಮೂರು ಪಟ್ಟಿಯ ಆರ್ಮಡಿಲೊ. ಅಲ್ಲಿನವರು ‘ತಾತು ಬೋಲಾ’ ಅನ್ನುತ್ತಾರೆ. ಈಶಾನ್ಯ ಬ್ರೆಜಿಲ್‌ನ ಕಾಟಿಂಗಾ ಎಂಬ ಒಣ ಕುರುಚಲು ಕಾಡು ಇದರ ಮುಖ್ಯ ನೆಲೆ. ಹೆದರಿದಾಗ ಬೆನ್ನಿನ ಚಿಪ್ಪನ್ನು ಮಡಿಸಿ ಗುಂಡಗಾಗುತ್ತದೆ. ತಲೆಯ ಮೇಲಿನ ಚಿಪ್ಪು, ಬಾಲದ ಚಿಪ್ಪು ಅಕ್ಕಪಕ್ಕ ಕೂತು ಸಂದು ಮುಚ್ಚಿಬಿಡುತ್ತವೆ. ನಮ್ಮ ಚಿಪ್ಪುಹಂದಿಯೂ ಸುರುಳಿ ಸುತ್ತಿಕೊಳ್ಳುತ್ತದಾದರೂ ಎರಡಕ್ಕೂ ನೆಂಟಸ್ತಿಕೆಯಿಲ್ಲ. ಬಹುತೇಕ ಕಾಡುಪ್ರಾಣಿಗಳ ಹಲ್ಲಿಗೆ ಜಗ್ಗದ ಈ ಉಪಾಯ ಮನುಷ್ಯನ ಮುಂದೆ ನಡೆಯುವುದಿಲ್ಲ. ಓಡದೆ ಉಂಡೆಯಾಗಿ ಕೂತ ಪ್ರಾಣಿಯನ್ನು ಬೇಟೆಗಾರ ಬಗ್ಗಿ ಎತ್ತಿಕೊಂಡರೆ ಮುಗಿಯಿತು. ಬೇಟೆಯ ಜೊತೆಗೆ ಕಾಡೂ ಕರಗಿ ಅದು ಅಳಿವಿನ ಅಂಚಿನತ್ತ ಸರಿದಿದೆ.

ಇಷ್ಟು ಒಳ್ಳೆಯ ಪ್ರಾಣಿ ಸಿಕ್ಕಿಯೂ ಚಿತ್ರ ಕೆಡಿಸಿದರು. ಕಂದು ಚಿಪ್ಪಿಗೆ ನೀಲಿ ಬಣ್ಣ ಬಳಿದು, ಮೈಗೆ ಹಳದಿ ಮೆತ್ತಿ, ಬಿಳಿ ಅಂಗಿ, ಹಸಿರು ಚಡ್ಡಿ ತೊಡಿಸಿ ಎರಡು ಕಾಲಿನ ಮೇಲೆ ನಿಲ್ಲಿಸಿದರು. ಚೆಂಡಾಗುವುದೇ ಅದರ ವಿದ್ಯೆ. ವೇಷದೊಳಗೆ ಬೆವರುವ ಮನುಷ್ಯ ಚೆಂಡಾಗುವುದಾದರೂ ಹೇಗೆ?

ಇದನ್ನು ಮ್ಯಾಸ್ಕಾಟ್ ಮಾಡಿ ಎಂದು ಮೊದಲು ಬೆನ್ನುಹತ್ತಿದ್ದು ‘ಅಸೋಸಿಯಾಸಾವ್ ಕಾಟಿಂಗಾ’ ಎಂಬ ಪರಿಸರ ಸಂಸ್ಥೆ. ಆಮೇಲೆ ಬ್ರೆಜಿಲ್‌ನ ವಿಜ್ಞಾನಿಗಳು ಇನ್ನೊಂದು ಸಲಹೆ ಮುಂದಿಟ್ಟರು: ವಿಶ್ವಕಪ್‌ನ ಪ್ರತಿ ಗೋಲಿಗೆ 1,000 ಹೆಕ್ಟೇರ್ ಕಾಟಿಂಗಾ ರಕ್ಷಿಸಿ. ಆ ವರ್ಷ ಬಿದ್ದದ್ದು 171 ಗೋಲು. ಮಾತು ಜಾರಿಗೆ ಬಂದಿದ್ದರೆ 1,71,000 ಹೆಕ್ಟೇರ್. ಬ್ರೆಜಿಲ್ ಮಂದಿ ಮರೆಯಲು ಹೆಣಗುವ ಆ ಸೆಮಿಫೈನಲ್ಲೊಂದರಿಂದಲೇ 8,000 ಬರುತ್ತಿತ್ತು. ಅದರಲ್ಲಿ 7,000 ಜರ್ಮನಿಯ ಖಾತೆಯಿಂದ.